ಆಕಾಶದ ಬೆನ್ನು ಹತ್ತಿದ ಮೋಟರ್: ಜಮಖಂಡಿಯಿಂದ ಬೀಡಿಯವರೆಗೆ

ಸಂಕ್ರಾಂತಿ ಮುಗಿದ ಮರುವಾರ ಬೀಡಿಯ ಶಾಲೆಯೊಂದರ ಮೈದಾನದಲ್ಲಿ ನಾವು ಟೆಲಿಸ್ಕೋಪ್ ಇಟ್ಟಿದ್ದೆವು. ಅದು ನಮ್ಮದಲ್ಲ. ಊರಿನ ಗಣಿತದ ಮಾಸ್ತರರೊಬ್ಬರದು. ಅವರು ತೀರಿಕೊಂಡು ನಾಲ್ಕು ವರ್ಷವಾಗಿದೆ. ಅಟ್ಟದ ಮೇಲೆ ಧೂಳು ಹಿಡಿದಿದ್ದ ಯಂತ್ರವನ್ನು ಅವರ ಮಗ ಒಂದು ರಾತ್ರಿಯ ಮಟ್ಟಿಗೆ ಕೊಟ್ಟಿದ್ದರು.

ಗುರು ಗ್ರಹ ನೋಡಲು ನಲವತ್ತು ಜನ ಸಾಲು ನಿಂತರು. ಮೊದಲ ಇಬ್ಬರು ಹುಡುಗರು ನೋಡಿ ಕುಣಿದರು. ಮೂರನೆಯವರು ಒಬ್ಬ ಆಯಿ. ನಿಧಾನಕ್ಕೆ ಬಂದರು, ಕನ್ನಡಕ ತೆಗೆದರು, ಬಗ್ಗಿದರು. "ಏನೂ ಕಾಣವಲ್ದಪಾ, ಬರೇ ಕರ್ರಗ ಐತಿ" ಅಂದರು. ಅಷ್ಟರಲ್ಲಿ ಗುರು ನೋಟದಿಂದ ಸರಿದುಹೋಗಿತ್ತು. ಮತ್ತೆ ಹಿಡಿದು ತೋರಿಸುವಷ್ಟರಲ್ಲಿ ಮತ್ತೆ ಸರಿಯಿತು. ಮೂರು ಸಲ ಹೀಗೇ ಆಯಿತು. ನಾಲ್ಕನೆಯ ಸಲಕ್ಕೆ ಆಯಿ, "ನೀವ್ ಹುಡುಗರ ನೋಡ್ರಿ, ನಮ್ಮ ಕಣ್ಣಿಗೆ ಆಗೂದಲ್ಲ" ಎಂದು ಹೊರಟುಬಿಟ್ಟರು.

ತಪ್ಪು ಅವರ ಕಣ್ಣಿನದಲ್ಲ. ಟೆಲಿಸ್ಕೋಪಿನ ಮೋಟರ್ ತಿರುಗುತ್ತಿರಲಿಲ್ಲ.

ಮರುದಿನ ಯಂತ್ರ ವಾಪಸು ಕೊಡಲು ಹೋದಾಗ ಮಾಸ್ತರರ ಮಗ, "ಮೋಟರ್ ಸುಟ್ಟೈತಿ ಅಂದ್ರ ಇನ್ನ ಇಟಗೊಂಡ್ ಏನ್ ಮಾಡೂದ್ರಿ? ಗುಜರಿಯವ್ರಿಗೆ ಕೊಟ್ಟ ಬಿಡ್ತೀನಿ" ಅಂದರು. ಒಂದು ತಿಂಗಳು ಸಮಯ ಕೊಡಿ ಎಂದು ನಾವು ಕೇಳಿಕೊಂಡೆವು. ಆ ತಿಂಗಳಲ್ಲಿ ಮೋಟರ್ ಬದಲಾಯಿಸುವುದು ಹೇಗೆ ಎಂದು ಕಲಿಯುತ್ತ ಹೋದಂತೆ ಈ ಪುಟ್ಟ ಮೋಟರಿನ ಹಿಂದೆ ಸುಮಾರು ಇನ್ನೂರು ವರ್ಷದ ಕಥೆಯೇ ಇದೆ ಎಂದು ಗೊತ್ತಾಯಿತು. ಅದರಲ್ಲಿ ನಮ್ಮ ಜಮಖಂಡಿಯೂ ಇದೆ, ರಾಯಚೂರೂ ಇದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇವೆ.

ಮೋಟರ್ ಯಾಕೆ ಬೇಕು?

ಭೂಮಿ ತಿರುಗುತ್ತದೆ. ಆದ್ದರಿಂದ ಆಕಾಶ ನಮ್ಮ ಕಣ್ಣಿಗೆ ಪೂರ್ವದಿಂದ ಪಶ್ಚಿಮಕ್ಕೆ ಸರಿದಂತೆ ಕಾಣುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ ಎಷ್ಟು ಬೇಗ ಸರಿಯುತ್ತದೆ? ಹುಣ್ಣಿಮೆ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಆಕಾಶವು 2 ನಿಮಿಷಕ್ಕೆ ಅಷ್ಟು ದೂರ ಸರಿಯುತ್ತದೆ. ಬರಿಗಣ್ಣಿಗೆ ಇದು ತಿಳಿಯುವುದಿಲ್ಲ. ನೂರು ಪಟ್ಟು ದೊಡ್ಡದಾಗಿ ತೋರಿಸುವ ಟೆಲಿಸ್ಕೋಪಿನಲ್ಲಿ ಸರಿಯುವ ವೇಗವೂ ನೂರು ಪಟ್ಟಾಗುತ್ತದೆ. ಗ್ರಹ ಈ ಅಂಚಿನಲ್ಲಿ ಒಳಬಂದು ಎರಡೇ ನಿಮಿಷದಲ್ಲಿ ಆ ಅಂಚಿನಿಂದ ಹೊರಬೀಳುತ್ತದೆ.

ಇದಕ್ಕೆ ಉಪಾಯ ಹಳೆಯದು. ಟೆಲಿಸ್ಕೋಪನ್ನು ಹೊತ್ತ ಮೌಂಟಿನಲ್ಲಿ ಒಂದು ಅಕ್ಷವನ್ನು ನೇರ ಧ್ರುವದ ಕಡೆಗೆ ತಿರುಗಿಸಿ ನಿಲ್ಲಿಸುತ್ತಾರೆ. ಆಗ ಆ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗುತ್ತದೆ. ಭೂಮಿ ತಿರುಗುವ ದಿಕ್ಕಿಗೆ ವಿರುದ್ಧವಾಗಿ, ಅದೇ ವೇಗದಲ್ಲಿ ಅದನ್ನು ತಿರುಗಿಸಿದರೆ ಸಾಕು. ನಕ್ಷತ್ರ ನೋಟದಲ್ಲಿ ನಿಂತುಬಿಡುತ್ತದೆ.

ನಮ್ಮ ಬೀಡಿಯಲ್ಲಿ ಆ ಅಕ್ಷವನ್ನು ನೆಲದಿಂದ ಸುಮಾರು ಹದಿನೈದೂವರೆ ಡಿಗ್ರಿ ಮಾತ್ರ ಎತ್ತಬೇಕು. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹತ್ತು ಡಿಗ್ರಿ. ಧ್ರುವ ನಕ್ಷತ್ರ ನಮ್ಮಲ್ಲಿ ಉತ್ತರದ ಅಂಚಿನಿಂದ ಒಂದೂವರೆ ಮುಷ್ಟಿ ಎತ್ತರದಲ್ಲಿದೆ, ಅಷ್ಟೇ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಮಾಡಿದ ಮೌಂಟುಗಳು ಇಷ್ಟು ಕೆಳಗೆ ಬಾಗಲು ಒಪ್ಪುವುದಿಲ್ಲ. ಮಾಸ್ತರರ ಯಂತ್ರದ ಕೆಳಗೆ ಸಾಗವಾನಿಯ ಒಂದು ಇಳಿಜಾರು ತುಂಡು ಇತ್ತು. ಅದು ಏನಕ್ಕೆಂದು ಮೊದಲು ನಮಗೆ ತಿಳಿದಿರಲಿಲ್ಲ. ಆಮೇಲೆ ಅರ್ಥವಾಯಿತು. ಪರದೇಶದ ಯಂತ್ರವನ್ನು ಬೀಡಿಯ ಆಕಾಶಕ್ಕೆ ಬಾಗಿಸಲು ಅವರೇ ಕೆತ್ತಿಸಿದ್ದರು.

ಇನ್ನು ವೇಗ. ಒಂದು ಸುತ್ತಿಗೆ 24 ಗಂಟೆ ಅಲ್ಲ. ನಕ್ಷತ್ರಗಳ ಲೆಕ್ಕದಲ್ಲಿ ಭೂಮಿಯ ಒಂದು ಸುತ್ತು 23 ಗಂಟೆ 56 ನಿಮಿಷ 4 ಸೆಕೆಂಡ್. ನಿನ್ನೆ ಎಂಟು ಗಂಟೆಗೆ ನೆತ್ತಿಯ ಮೇಲಿದ್ದ ನಕ್ಷತ್ರ ಇಂದು ನಾಲ್ಕು ನಿಮಿಷ ಮೊದಲೇ ಅಲ್ಲಿರುತ್ತದೆ. ಅಂದರೆ ಟೆಲಿಸ್ಕೋಪಿನ ಮೋಟರ್ ಬರೇ ಮೋಟರ್ ಅಲ್ಲ. ಅದು ನಕ್ಷತ್ರಗಳ ಹೊತ್ತು ತೋರಿಸುವ ಗಡಿಯಾರ.

1868: ಜಮಖಂಡಿಯ ಐದು ನಿಮಿಷ

ಈ ಗಡಿಯಾರದ ಬೆಲೆ ನಮ್ಮ ಸೀಮೆಯಲ್ಲಿ ಯಾವಾಗ ಗೊತ್ತಾಯಿತು ಎಂದು ಹುಡುಕಿದರೆ 1868ರ ಆಗಸ್ಟ್ 18ಕ್ಕೆ ಹೋಗಬೇಕು. ಅಂದು ಬೆಳಿಗ್ಗೆ ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಅರಬ್ಬಿ ಸಮುದ್ರದ ಕಡೆಯಿಂದ ಬಂದು ವಿಜಯಪುರ ಸೀಮೆಯನ್ನು ದಾಟಿ ಗುಂಟೂರು, ಮಚಲೀಪಟ್ಟಣದ ಕಡೆಗೆ ಹೋಯಿತು. ಆ ದಾರಿಯಲ್ಲಿ ಜಮಖಂಡಿ ಇತ್ತು. ಅಂದು ಅದು ಪಟವರ್ಧನ ಮನೆತನದ ಸಂಸ್ಥಾನ.

ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಜಮಖಂಡಿಯಲ್ಲಿ ಶಿಬಿರ ಹಾಕಿದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಭಾರತವನ್ನು ಅಳೆಯುತ್ತಿದ್ದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ಅವರಿಗೆ ಕೆಲಸ. ಅವರ ಅಜ್ಜ ವಿಲಿಯಂ ಹರ್ಷೆಲ್ 1781ರಲ್ಲಿ ಯುರೇನಸ್ ಗ್ರಹ ಕಂಡುಹಿಡಿದವರು. ಮೊಮ್ಮಗ ಜಮಖಂಡಿಗೆ ತಂದದ್ದು ಟೆಲಿಸ್ಕೋಪಿನ ಜೊತೆಗೆ ಒಂದು ಹೊಸ ಉಪಕರಣ, ಸ್ಪೆಕ್ಟ್ರೋಸ್ಕೋಪ್. ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ತೋರಿಸುವ ಯಂತ್ರ. ಗ್ರಹಣದ ಹೊತ್ತಿನಲ್ಲಿ ಸೂರ್ಯನ ಅಂಚಿನಿಂದ ಕೆಂಪು ನಾಲಗೆಗಳು ಚಾಚಿದಂತೆ ಕಾಣುತ್ತವಲ್ಲ, ಅವು ಏನು ಎಂಬುದು ಅಂದಿನ ಪ್ರಶ್ನೆ.

ಆಗಸ್ಟ್ ಅಂದರೆ ನಮ್ಮಲ್ಲಿ ಮಳೆಗಾಲ. ಮೋಡ ಸೂರ್ಯನನ್ನು ಮುಚ್ಚುತ್ತ, ಬಿಡುತ್ತ ಇತ್ತು. ಪೂರ್ತಿ ಕತ್ತಲೆ ಇದ್ದದ್ದು ಐದು ನಿಮಿಷದ ಆಸುಪಾಸು. ಅದರಲ್ಲೂ ಮೋಡ ಕಿತ್ತುಕೊಂಡದ್ದು ಎಷ್ಟೋ. ಮೋಡ ಸರಿದ ತುಸು ಹೊತ್ತಿನಲ್ಲಿ ಹರ್ಷೆಲ್ ಮೂರು ಹೊಳೆಯುವ ಗೆರೆಗಳನ್ನು ಕಂಡರು: ಕೆಂಪು, ಕಿತ್ತಳೆ, ನೀಲಿ. ಗೆರೆ ಕಂಡರೆ ಅದು ಉರಿಯುವ ಅನಿಲ ಎಂದರ್ಥ. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಮತ್ತು ಇತರರೂ ಇದನ್ನೇ ಕಂಡರು. ಆ ಕಿತ್ತಳೆ-ಹಳದಿ ಗೆರೆ ಭೂಮಿಯ ಮೇಲೆ ಆವರೆಗೆ ಗೊತ್ತಿಲ್ಲದ ಒಂದು ಧಾತುವಿನದು ಎಂದು ನಂತರ ತಿಳಿಯಿತು. ಅದಕ್ಕೆ ಹೀಲಿಯಂ ಎಂದು ಹೆಸರಿಟ್ಟರು. ಭೂಮಿಯ ಮೇಲೆ ಅದು ಸಿಕ್ಕದ್ದು 1895ರಲ್ಲಿ.

ನಮ್ಮ ಕಥೆಗೆ ಬೇಕಾದ ಮಾತು ಇಷ್ಟು. ಸ್ಪೆಕ್ಟ್ರೋಸ್ಕೋಪಿನ ಸೀಳು ಕೂದಲೆಳೆಯಷ್ಟು ಕಿರಿದು. ಮೋಡದ ಹಿಂದೆ ಸೂರ್ಯ ಕಾಣದಿದ್ದಾಗಲೂ ಟೆಲಿಸ್ಕೋಪ್ ಅವನ ಹಿಂದೆಯೇ ಹೋಗುತ್ತಿರಬೇಕು. ಇಲ್ಲವಾದರೆ ಮೋಡ ಸರಿದಾಗ ಹುಡುಕುವುದರಲ್ಲೇ ಗ್ರಹಣ ಮುಗಿದುಹೋಗುತ್ತದೆ. ನಮ್ಮ ಮೈದಾನದಲ್ಲಿ ಆಯಿಗೆ ಆದದ್ದೂ ಅದೇ ಅಲ್ಲವೇ?

ಕಲ್ಲು ಕಟ್ಟಿದ ಗಡಿಯಾರ

ಆ ಕಾಲದಲ್ಲಿ ಟೆಲಿಸ್ಕೋಪುಗಳಿಗೆ ವಿದ್ಯುತ್ ಮೋಟರ್ ಬಂದಿರಲಿಲ್ಲ. ಟೆಲಿಸ್ಕೋಪುಗಳನ್ನು ತಿರುಗಿಸುತ್ತಿದ್ದುದು ತೂಕ. ಬಾವಿಗೆ ಕೊಡ ಇಳಿಬಿಟ್ಟಂತೆ, ಹಗ್ಗಕ್ಕೆ ಕಟ್ಟಿದ ಭಾರ ಮೆಲ್ಲಗೆ ಕೆಳಗೆ ಇಳಿಯುತ್ತದೆ. ಇಳಿಯುವಾಗ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಭಾರ ಬಿಟ್ಟರೆ ಧೊಪ್ಪನೆ ಬೀಳುತ್ತದಲ್ಲ, ಅದನ್ನು ತಡೆಯಲು ಗವರ್ನರ್ ಎಂಬ ಭಾಗ. ಎರಡು ಗುಂಡುಗಳು ಗಿರಗಿರನೆ ಸುತ್ತುತ್ತಿರುತ್ತವೆ. ವೇಗ ಹೆಚ್ಚಾದರೆ ಅವು ಹೊರಕ್ಕೆ ಚಾಚಿ ಉಜ್ಜಿ ತಡೆ ಹಾಕುತ್ತವೆ. ಕಡಿಮೆಯಾದರೆ ಒಳಕ್ಕೆ ಬಂದು ಸಡಿಲ ಬಿಡುತ್ತವೆ.

ಜರ್ಮನಿಯ ಫ್ರೌನ್‌ಹೋಫರ್ 1824ರಲ್ಲಿ ದೊರ್ಪಾಟ್ ಎಂಬ ಊರಿಗೆ ಮಾಡಿಕೊಟ್ಟ ದೊಡ್ಡ ಟೆಲಿಸ್ಕೋಪಿನಲ್ಲಿ ಈ ಏರ್ಪಾಡು ಇತ್ತು. ಮುಂದಿನ ನೂರು ವರ್ಷ ಲೋಕದ ವೀಕ್ಷಣಾಲಯಗಳೆಲ್ಲ ಹೆಚ್ಚುಕಡಿಮೆ ಇದನ್ನೇ ನಡೆಸಿದವು.

ಭಾರ ತಳಕ್ಕೆ ಮುಟ್ಟಿದ ಮೇಲೆ ಮತ್ತೆ ಮೇಲಕ್ಕೆ ಸುತ್ತಬೇಕು. ಗಾಳಿ ಬೀಸಿದರೆ, ಎಣ್ಣೆ ಗಟ್ಟಿಯಾದರೆ ವೇಗ ತಪ್ಪುತ್ತದೆ. ಆಗ ಕೈಯಿಂದ ತಿರುಪು ತಿರುಗಿಸಿ ಸರಿಮಾಡಬೇಕು. ರಾತ್ರಿಯಿಡೀ ಇಂಥ ಕೆಲಸ ಮಾಡಿದವರಲ್ಲಿ ಎಷ್ಟೋ ಜನ ನಮ್ಮವರೇ. ಅವರ ಹೆಸರು ಪುಸ್ತಕಗಳಲ್ಲಿ ಕಾಣುವುದು ಅಪರೂಪ. ಹೆಸರು ಉಳಿದವರಲ್ಲಿ ಒಬ್ಬರು ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ. ಹೊಳಪು ಬದಲಿಸುವ ಒಂದು ನಕ್ಷತ್ರವನ್ನು ಅವರು 1867ರಲ್ಲಿ ಗುರುತಿಸಿದರು. 1868ರ ಗ್ರಹಣವನ್ನು ಇಂದಿನ ತೆಲಂಗಾಣದ ವನಪರ್ತಿಯಲ್ಲಿ ನೋಡಿದರು. 1874ರಲ್ಲಿ ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು ಜನರಿಗೆ ತಿಳಿಸಲು ಬರೆದ ಅವರ ಕಿರುಹೊತ್ತಗೆ ಕನ್ನಡದಲ್ಲೂ ಅಚ್ಚಾಯಿತು. ಹಳ್ಳಿಯ ಜನರಿಗೆ ಆಕಾಶ ತೋರಿಸಬೇಕು ಎಂಬ ಆಸೆ ಇಂದು ನಿನ್ನೆಯದಲ್ಲ.

ಫೋಟೊ ಬಂತು, ಗಡಿಯಾರ ಸೋತಿತು

ಕಣ್ಣಿನಿಂದ ನೋಡುವಾಗ ಟೆಲಿಸ್ಕೋಪ್ ತುಸು ಹಿಂದೆ ಮುಂದೆ ಆದರೂ ನಡೆಯುತ್ತದೆ. ಫೋಟೊಗೆ ನಡೆಯುವುದಿಲ್ಲ. ಗಾಜಿನ ಪ್ಲೇಟನ್ನು ನಿಮಿಷಗಟ್ಟಲೆ ತೆರೆದಿಟ್ಟಾಗ ವೇಗ ತಪ್ಪಿದರೆ ನಕ್ಷತ್ರ ಚುಕ್ಕಿಯಾಗುವ ಬದಲು ಗೀಟಾಗುತ್ತದೆ.

1887ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಖಗೋಳ ವಿಜ್ಞಾನಿಗಳು ಇಡೀ ಆಕಾಶದ ಫೋಟೊ ನಕಾಶೆ ಮಾಡಬೇಕೆಂದು ನಿರ್ಧರಿಸಿದರು. ಲೋಕದ ಬೇರೆ ಬೇರೆ ವೀಕ್ಷಣಾಲಯಗಳು ಆಕಾಶವನ್ನು ಹೊಲದ ಪಟ್ಟಿಗಳಂತೆ ಹಂಚಿಕೊಂಡವು. ಭಾರತದಿಂದ ಆ ಕೆಲಸ ಹೊತ್ತದ್ದು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯ. ನವಾಬ್ ಜಾಫರ್ ಜಂಗ್ 1901ರಲ್ಲಿ ಶುರುಮಾಡಿದ ಸಂಸ್ಥೆ ಅದು. ಬೀದರ್, ಕಲಬುರಗಿ, ರಾಯಚೂರು ಅಂದು ಇದ್ದದ್ದು ಅದೇ ನಿಜಾಮರ ರಾಜ್ಯದಲ್ಲಿ. ಕುಕ್ ಕಂಪನಿಯ 8 ಇಂಚಿನ ಫೋಟೊ ಟೆಲಿಸ್ಕೋಪಿನಲ್ಲಿ ಅಲ್ಲಿನವರು ವರ್ಷಗಟ್ಟಲೆ ಪ್ಲೇಟ್ ತೆಗೆದು ಲಕ್ಷಾಂತರ ನಕ್ಷತ್ರಗಳ ಸ್ಥಾನ ಅಳೆದರು.

ಇಂಥ ಫೋಟೊ ಕೆಲಸಕ್ಕೆ ಗುಂಡಿನ ಗವರ್ನರ್ ಸಾಲಲಿಲ್ಲ. ಐರ್ಲೆಂಡಿನ ಹೋವರ್ಡ್ ಗ್ರಬ್ ಒಂದು ಹೊಸ ದಾರಿ ಹಿಡಿದರು. ಒಳ್ಳೆಯ ಲೋಲಕದ ಗಡಿಯಾರದಿಂದ ಸೆಕೆಂಡಿಗೊಮ್ಮೆ ವಿದ್ಯುತ್ ಸಂಕೇತ ಕಳಿಸಿ ಟೆಲಿಸ್ಕೋಪಿನ ಚಕ್ರ ಹಿಂದೆ ಬಿದ್ದರೆ ಮುಂದಕ್ಕೆ, ಮುಂದೆ ಹೋದರೆ ಹಿಂದಕ್ಕೆ ತಿದ್ದುವ ಏರ್ಪಾಡು ಅದು. ಎಳೆಯುವ ಶಕ್ತಿ ಇನ್ನೂ ಭಾರದ್ದೇ. ಹೊತ್ತು ಹೇಳುವುದು ಮಾತ್ರ ವಿದ್ಯುತ್ತು.

ಗ್ರಬ್ ಮಾಡಿದ ಒಂದು ದೊಡ್ಡ ಟೆಲಿಸ್ಕೋಪ್ ಪುಣೆಗೂ ಬಂತು. ಬೆಳಗಾವಿ, ಪುಣೆ ಎರಡೂ ಅಂದು ಮುಂಬೈ ಪ್ರಾಂತ್ಯದ ಊರುಗಳು. ಪುಣೆಯ ವಿಜ್ಞಾನ ಕಾಲೇಜಿನ ಪ್ರಾಧ್ಯಾಪಕ ಕಾವಸ್‌ಜಿ ದಾದಾಭಾಯಿ ನಾಯಗಾಮವಾಲಾ ಅವರು ಭಾವನಗರದ ಮಹಾರಾಜರ ನೆರವಿನಿಂದ 20 ಇಂಚಿನ ಕನ್ನಡಿಯ ಟೆಲಿಸ್ಕೋಪ್ ತರಿಸಿದರು. 1912ರಲ್ಲಿ ಪುಣೆಯ ವೀಕ್ಷಣಾಲಯ ಮುಚ್ಚಿದಾಗ ಅದು ಕೊಡೈಕೆನಾಲ್‌ಗೆ ಹೋಯಿತು. 1980ರ ದಶಕದಲ್ಲಿ, ಸುಮಾರು ನೂರು ವರ್ಷ ವಯಸ್ಸಿನಲ್ಲಿ, ಲಡಾಖಿನ ಲೇಹ್‌ಗೆ ಹೋಗಿ ಅಲ್ಲಿನ ಆಕಾಶ ಎಷ್ಟು ತಿಳಿಯಾಗಿದೆ ಎಂದು ಪರೀಕ್ಷಿಸಲು ನೆರವಾಯಿತು.

ಈ ಅಲೆದಾಟದಲ್ಲಿ ನಮಗೊಂದು ಪಾಠ ಕಂಡಿತು. ಟೆಲಿಸ್ಕೋಪಿನ ಕನ್ನಡಿ, ಕಬ್ಬಿಣದ ಮೌಂಟು ನೂರು ವರ್ಷ ಬಾಳುತ್ತವೆ. ತಿರುಗಿಸುವ ಭಾಗ ಅಷ್ಟು ಬಾಳುವುದಿಲ್ಲ. ಬಂಡಿಗೆ ಎತ್ತು ಬದಲಾದಂತೆ ಅದು ಬದಲಾಗುತ್ತದೆ. ಎತ್ತಿಗೆ ವಯಸ್ಸಾಯಿತು ಎಂದು ಬಂಡಿಯನ್ನು ಗುಜರಿಗೆ ಹಾಕುವವರು ಯಾರು?

ಕರೆಂಟಿನ ಲಯಕ್ಕೆ ತಿರುಗುವ ಮೋಟರ್

ಊರೂರಿಗೆ ವಿದ್ಯುತ್ ಬಂದ ಮೇಲೆ ಭಾರ, ಹಗ್ಗ, ಗುಂಡು ಎಲ್ಲ ಹೋಗಿ ಸಿಂಕ್ರೊನಸ್ ಮೋಟರ್ ಬಂತು. ನಮ್ಮ ಮನೆಗೆ ಬರುವ ಕರೆಂಟ್ ಒಂದೇ ಕಡೆ ಹರಿಯುವುದಿಲ್ಲ. ಹಿಂದೆ ಮುಂದೆ ಆಡುತ್ತಿರುತ್ತದೆ. ಸೆಕೆಂಡಿಗೆ 50 ಸಲ ಆಡಿದರೆ 50 ಹರ್ಟ್ಸ್, ಹಳಬರ ಮಾತಿನಲ್ಲಿ 50 ಸೈಕಲ್. ಸಿಂಕ್ರೊನಸ್ ಮೋಟರ್ ಈ ಲಯಕ್ಕೆ ಹೆಜ್ಜೆ ಹಾಕುತ್ತದೆ. ವೋಲ್ಟೇಜ್ ತುಸು ಏರಿಳಿದರೂ ಅದರ ವೇಗ ಬದಲಾಗದು. ಲಯ ಬದಲಾದರೆ ಮಾತ್ರ ಬದಲಾಗುತ್ತದೆ. ಆದ್ದರಿಂದಲೇ ಗೋಡೆ ಗಡಿಯಾರಕ್ಕೂ ಟೆಲಿಸ್ಕೋಪಿಗೂ ಅದನ್ನು ಜೋಡಿಸಿದರು. ಬೆರಳ ಗಾತ್ರದ ಮೋಟರ್ ಪ್ಲಗ್ಗಿಗೆ ಹಾಕಿದರೆ ಸಾಕು, ಆಕಾಶದ ಹಿಂದೆ ನಡೆಯುತ್ತದೆ.

ಆದರೆ ಎಲ್ಲ ಕಡೆ ಲಯ ಒಂದೇ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತು 25 ಸೈಕಲ್‌ನದು. ಭಾರತದಲ್ಲಿ ನಂತರ ಎಲ್ಲೆಡೆ ನಿಂತದ್ದು 50. ಅಮೆರಿಕದಲ್ಲಿ 60. ಒಂದೇ ಮೋಟರ್ ಮೂರು ಜಾಗದಲ್ಲಿ ಮೂರು ವೇಗದಲ್ಲಿ ತಿರುಗುತ್ತದೆ.

ಇನ್ನೊಂದು ತೊಡಕು. 50 ಎಂದು ಪುಸ್ತಕದಲ್ಲಿದ್ದರೂ ತಂತಿಯಲ್ಲಿ ಅಷ್ಟೇ ಇರಬೇಕಲ್ಲ? ಉತ್ಪಾದನೆಗಿಂತ ಬಳಕೆ ಹೆಚ್ಚಾದಾಗ, ಹೇರು ಹೆಚ್ಚಾದ ಎತ್ತಿನ ಹಾಗೆ, ವಿದ್ಯುತ್ ಕೇಂದ್ರದ ಯಂತ್ರಗಳ ವೇಗ ಇಳಿಯುತ್ತದೆ. ಅದರ ಜೊತೆ ಲಯವೂ ಇಳಿಯುತ್ತದೆ. 1990ರ ದಶಕದಲ್ಲಿ ನಮ್ಮ ದಕ್ಷಿಣದ ಗ್ರಿಡ್‌ನಲ್ಲಿ ಅದು 49ಕ್ಕಿಂತ ಕೆಳಗೆ ಹೋಗುವುದು ಅಪರೂಪವಾಗಿರಲಿಲ್ಲ. ಲಯ ಕೆಡಿಸಿದವರಿಗೆ ಹೆಚ್ಚು ದರ ಹಾಕುವ ಪದ್ಧತಿ ದಕ್ಷಿಣದಲ್ಲಿ 2003ರಲ್ಲಿ ಬಂದ ಮೇಲೆ ಅದು ಹದಕ್ಕೆ ಬಂತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಲೈನ್ ಜೋಡಣೆಯಾಗಿ ಇಡೀ ದೇಶ ಒಂದೇ ಗ್ರಿಡ್ ಆಯಿತು. ಅಂದಿನಿಂದ ಬೀಡಿಯ ಗಿರಣಿಯ ಮೋಟರ್ ಮತ್ತು ದಿಲ್ಲಿಯ ಪಂಖ ಒಂದೇ ಲಯದ ಕರೆಂಟಿನಲ್ಲಿ ತಿರುಗುತ್ತಿವೆ.

ಮಾಸ್ತರರ ನೋಟ್‌ಬುಕ್

ಈಗ ನಮ್ಮ ಯಂತ್ರಕ್ಕೆ ಬರೋಣ. ಮೌಂಟ್ ಬಿಚ್ಚಿದೆವು. ಒಳಗೆ 144 ಹಲ್ಲಿನ ಹಿತ್ತಾಳೆ ಚಕ್ರ, ಅದಕ್ಕೆ ಕಚ್ಚಿಕೊಂಡ ತಿರುಪಿನಂಥ ಒಂದು ವರ್ಮ್, ಅದರ ತುದಿಗೆ ಸುಟ್ಟ ವಾಸನೆಯ ಪುಟ್ಟ ಮೋಟರ್. ಅದರ ಬೆನ್ನ ಮೇಲೆ ಬರೆದದ್ದು: 110 ವೋಲ್ಟ್, 60 ಸೈಕಲ್. 1970ರ ದಶಕದಲ್ಲಿ ಅಮೆರಿಕದಲ್ಲಿದ್ದ ಸಂಬಂಧಿಕರೊಬ್ಬರು ತಂದುಕೊಟ್ಟದ್ದಂತೆ. ಜೊತೆಗೆ 230 ವೋಲ್ಟನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಇತ್ತು. ವೋಲ್ಟೇಜ್ ಇಳಿಸುವುದು ಸುಲಭ. ಲಯ ಬದಲಿಸಲು ಟ್ರಾನ್ಸ್‌ಫಾರ್ಮರ್‌ನಿಂದ ಆಗುವುದಿಲ್ಲ.

ಪೆಟ್ಟಿಗೆಯ ತಳದಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಸಿಕ್ಕಿತು. ಮಾಸ್ತರರ ದುಂಡನೆಯ ಅಕ್ಷರ. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳಲ್ಲಿ ಒಂದನ್ನು ಹಿಡಿದು, ಅದು ನೋಟದ ಈ ಅಂಚಿನಿಂದ ಆ ಅಂಚಿಗೆ ಹೋಗಲು ಎಷ್ಟು ಹೊತ್ತು ಹಿಡಿಯಿತು ಎಂದು ಅವರು ಮತ್ತೆ ಮತ್ತೆ ಬರೆದಿದ್ದರು. ಮೋಟರ್ ಬಂದ್ ಇದ್ದಾಗ 2 ನಿಮಿಷ. ಚಾಲೂ ಇದ್ದಾಗ 12 ನಿಮಿಷ. ಪಕ್ಕದಲ್ಲಿ ಒಂದು ಸಾಲು: ಯಂತ್ರ ಹಿಂದ ಬೀಳತೈತಿ, ನನ್ನ ಜೋಡಣೆ ತಪ್ಪಿರಬೇಕು.

ವರ್ಷಗಟ್ಟಲೆ ಅವರು ಆ ತಪ್ಪು ಹುಡುಕಿದ್ದರು. ಅಕ್ಷ ತಿದ್ದಿದ್ದರು. ಎಣ್ಣೆ ಬದಲಿಸಿದ್ದರು. ಸಾಗವಾನಿ ತುಂಡನ್ನು ಎರಡು ಸಲ ಹೊಸದಾಗಿ ಕೆತ್ತಿಸಿದ್ದರು.

ನಾವು ಲೆಕ್ಕ ಹಾಕಿದೆವು. 60ಕ್ಕೆ ಮಾಡಿದ ಮೋಟರ್ 50ರಲ್ಲಿ ತಿರುಗಿದರೆ ಆರರಲ್ಲಿ ಐದು ಪಾಲು ವೇಗ ಮಾತ್ರ ಬರುತ್ತದೆ. ಆರನೆಯ ಒಂದು ಪಾಲು ಹಿಂದೆ ಬೀಳುತ್ತದೆ. ಆದ್ದರಿಂದ 2 ನಿಮಿಷದಲ್ಲಿ ಸರಿಯಬೇಕಾದ ನಕ್ಷತ್ರ ಅದರ ಆರು ಪಟ್ಟು ಹೊತ್ತಿನಲ್ಲಿ ಸರಿಯುತ್ತದೆ. ಎರಡಾರಲ ಹನ್ನೆರಡು. ಮಾಸ್ತರರ ಅಳತೆ ಕರಾರುವಾಕ್ಕಾಗಿತ್ತು. ಅವರ ಜೋಡಣೆಯಲ್ಲಿ ತಪ್ಪೇ ಇರಲಿಲ್ಲ.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಂಗತಿ ಇತ್ತು. ಚಳಿಗಾಲದ ಪುಟಗಳಲ್ಲಿ 12 ನಿಮಿಷ ಇದ್ದದ್ದು, ಬೇಸಿಗೆಯ ಕೆಲವು ರಾತ್ರಿಗಳಲ್ಲಿ ಹನ್ನೊಂದು, ಹತ್ತೂವರೆ ಎಂದಿತ್ತು. ಹತ್ತೂವರೆ ನಿಮಿಷ ಅಂದರೆ ಲಯ ಸುಮಾರು 48.5ಕ್ಕೆ ಇಳಿದಿರಬೇಕು. ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳೂ ಪಂಖಗಳೂ ಒಟ್ಟಿಗೆ ನಡೆದು ಗ್ರಿಡ್ ಬಸವಳಿಯುತ್ತಿದ್ದ ಕಾಲವದು. ತಮಗೆ ಗೊತ್ತಿಲ್ಲದೆಯೇ ಮಾಸ್ತರರು ನಕ್ಷತ್ರ ಹಿಡಿದು ಕರೆಂಟಿನ ನಾಡಿ ನೋಡಿದ್ದರು.

ಲೆಕ್ಕವನ್ನು ಅವರ ಮಗನಿಗೆ ತೋರಿಸಿದೆವು. ಅವರು ಬಹಳ ಹೊತ್ತು ಪುಟ ತಿರುವಿದರು. "ಅಪ್ಪಾರು ಸಾಯೂತನಕ ನಂದ ತಪ್ಪ ಅಂತಿದ್ರು ನೋಡ್ರಿ" ಅಂದರು. ಗುಜರಿಯ ಮಾತು ಮತ್ತೆ ಬರಲಿಲ್ಲ.

ಹೊಸ ಮೋಟರ್, ಹಳೇ ಮೌಂಟು

60ಕ್ಕೆ ಮಾಡಿದ ಇಂಥ ಮೋಟರನ್ನು 50ರಲ್ಲಿ ನಡೆಸಿದರೆ ಅದು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಇಷ್ಟು ವರ್ಷ ಬಾಳಿದ್ದೇ ದೊಡ್ಡದು. ಅಂಥದ್ದನ್ನೇ ಹುಡುಕಿ ತಂದರೂ ಮತ್ತದೇ ಕಥೆ. ಮೇಲಾಗಿ ಇಬ್ಬನಿ ಬೀಳುವ ಮೈದಾನದಲ್ಲಿ ಮಕ್ಕಳ ಕಾಲಡಿ 230 ವೋಲ್ಟಿನ ತಂತಿ ಎಳೆಯುವುದು ನಮಗೆ ಒಪ್ಪಿಗೆಯಾಗಲಿಲ್ಲ.

ಆದ್ದರಿಂದ ಸ್ಟೆಪರ್ ಮೋಟರ್ ಹಾಕಿದೆವು. 3ಡಿ ಪ್ರಿಂಟರ್‌ಗಳಲ್ಲಿ ಇರುತ್ತದಲ್ಲ, ಅದು. ಇದು ಮೆಟ್ಟಿಲು ಇಳಿದಂತೆ ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಒಂದು ಸುತ್ತಿಗೆ 200 ಹೆಜ್ಜೆ. ಅದನ್ನು ನಡೆಸುವ ಡ್ರೈವರ್ ಬೋರ್ಡ್ ಒಂದೊಂದು ಹೆಜ್ಜೆಯನ್ನು 16 ಚೂರು ಮಾಡುತ್ತದೆ. ಮೋಟರಿನಿಂದ ವರ್ಮ್‌ಗೆ ನಾಲ್ಕಕ್ಕೆ ಒಂದರ ಬೆಲ್ಟು. ವರ್ಮ್ ಒಂದು ಸುತ್ತು ಬಂದರೆ 144 ಹಲ್ಲಿನ ಚಕ್ರದಲ್ಲಿ ಒಂದು ಹಲ್ಲು ಮುಂದೆ. ಎಲ್ಲ ಗುಣಿಸಿದರೆ ಮೌಂಟಿನ ಒಂದು ಸುತ್ತಿಗೆ 18,43,200 ಚಿಕ್ಕ ಹೆಜ್ಜೆ. ಇದನ್ನು 23 ಗಂಟೆ 56 ನಿಮಿಷ 4 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 21.39 ಹೆಜ್ಜೆ. ಈ ಲೆಕ್ಕವನ್ನು ಚಿಪ್ಪಿಗೆ ಬರೆದುಕೊಟ್ಟವನು ಡಿಪ್ಲೊಮಾ ಓದುವ ಊರಿನದೇ ಹುಡುಗ. ಚಿಪ್ಪಿನ ಹೊತ್ತು ನಡೆಸುವುದು ಕೈಗಡಿಯಾರದಲ್ಲಿ ಇರುವಂಥದ್ದೇ ಒಂದು ಕ್ವಾರ್ಟ್ಜ್ ಹರಳು. ಗ್ರಿಡ್‌ನ ಲಯ ಏರಲಿ, ಇಳಿಯಲಿ, ಅದಕ್ಕೆ ಸಂಬಂಧವಿಲ್ಲ. ಇಡೀ ರಾತ್ರಿಗೆ 12 ವೋಲ್ಟಿನ ಒಂದು ಬ್ಯಾಟರಿ ಸಾಕು. ಮೋಟರ್, ಡ್ರೈವರ್, ಚಿಪ್ಪು ಸೇರಿ ಎರಡು ಸಾವಿರ ರೂಪಾಯಿಯೊಳಗೆ ಮುಗಿಯಿತು.

ಕಷ್ಟವಾದದ್ದು ಮೋಟರನ್ನು ಕೂರಿಸುವ ಪಟ್ಟಿ. ಬೆಳಗಾವಿಯ ಉದ್ಯಮಬಾಗದ ಲೇಥ್ ಅಂಗಡಿಯೊಂದಕ್ಕೆ ಮೂರು ಸಲ ಓಡಾಡಿದೆವು. ಒಂದೇ ಷರತ್ತು: ಹಳೇ ಮೌಂಟಿಗೆ ಹೊಸ ತೂತು ಬೀಳಬಾರದು. ಹಳೇ ಮೋಟರ್ ಕೂತಿದ್ದ ಎರಡು ಬೋಲ್ಟಿನ ಜಾಗಕ್ಕೇ ಹೊಸ ಪಟ್ಟಿ ಕೂರಬೇಕು. ಮುಂದೆ ಯಾರಾದರೂ ಮೊದಲಿನಂತೆ ಮಾಡಬೇಕೆಂದರೆ ಮಾಡುವಂತಿರಬೇಕು. ಲೇಥ್ ಅಣ್ಣ ಮೊದಲು ನಕ್ಕರು. "ಡ್ರಿಲ್ ಹೊಡದ್ರ ಎರಡ ನಿಮಿಷದ ಕೆಲಸ ಐತ್ರಿ" ಅಂದರು. ನೋಟ್‌ಬುಕ್ಕಿನ ಕಥೆ ಹೇಳಿದ ಮೇಲೆ ಅಲ್ಯೂಮಿನಿಯಂ ತುಂಡನ್ನು ಕೂದಲೆಳೆ ಅಳತೆಗೆ ಕೊರೆದುಕೊಟ್ಟರು.

ಹಳೇ ಮೋಟರನ್ನು ಎಸೆಯಲಿಲ್ಲ. ಒಂದು ಡಬ್ಬಿಯಲ್ಲಿ ಹಾಕಿ, ಯಾವಾಗ ತೆಗೆದದ್ದು, ಯಾಕೆ ತೆಗೆದದ್ದು ಎಂದು ಚೀಟಿ ಬರೆದು, ನೋಟ್‌ಬುಕ್ಕಿನ ಜೊತೆ ಇಟ್ಟಿದ್ದೇವೆ. ಮೋಟರ್ ಹೋದರೆ ಇನ್ನೊಂದು ಬರುತ್ತದೆ. ಮಾಸ್ತರರು ಯಾಕೆ ಸೋತರು ಎಂಬುದಕ್ಕೆ ಸಾಕ್ಷಿ ಆ ಸುಟ್ಟ ಮೋಟರಿನ ಬೆನ್ನ ಮೇಲಿನ ಬರಹ ಒಂದೇ.

ಕಾವಲೂರು, ಹೊಸಕೋಟೆ, ಬೀಡಿ

ಹಳ್ಳಿಯಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರಿಗೆ ಒಂದು ಮಾತು. ಸ್ವತಂತ್ರ ಭಾರತದ ಟೆಲಿಸ್ಕೋಪುಗಳ ಕಥೆಯೂ ಇಂಥದ್ದೊಂದು ಹಟದಿಂದಲೇ ಬೆಳೆದದ್ದು. ವೇಣು ಬಾಪು ಅವರ ತಂದೆ ಹೈದರಾಬಾದಿನ ಅದೇ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸ ಮಾಡಿದವರು. ಮಗ 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ತಮ್ಮದೇ ವರ್ಕ್‌ಶಾಪಿನಲ್ಲಿ ಕಟ್ಟಿದ 38 ಸೆಂಟಿಮೀಟರ್ ಟೆಲಿಸ್ಕೋಪನ್ನು 1968ರಲ್ಲಿ ತಮಿಳುನಾಡಿನ ಕಾವಲೂರಿನ ಗುಡ್ಡದ ಮೇಲೆ ನಿಲ್ಲಿಸಿದರು. ಅಲ್ಲಿಯೇ ನಂತರ ಬಂದ ಒಂದು ಮೀಟರ್ ಟೆಲಿಸ್ಕೋಪಿನಿಂದ 1977ರ ಮಾರ್ಚ್ 10ರಂದು ಅಲ್ಲಿನವರು ಒಂದು ನಕ್ಷತ್ರವನ್ನು ಹಿಡಿದು ಕೂತರು. ಯುರೇನಸ್ ಆ ನಕ್ಷತ್ರದ ಸಮೀಪ ಹಾದುಹೋಗುವಾಗ ಅದರ ಬೆಳಕು ಮಂಕಾದದ್ದು ಅಲ್ಲಿಯೂ ದಾಖಲಾಯಿತು. ಅಮೆರಿಕದ ತಂಡವೊಂದು ವಿಮಾನದಿಂದ ಕಂಡದ್ದೂ ಅದನ್ನೇ. ಯುರೇನಸ್‌ಗೆ ಉಂಗುರಗಳಿವೆ ಎಂದು ಲೋಕಕ್ಕೆ ಗೊತ್ತಾದದ್ದು ಹೀಗೆ. ಜಮಖಂಡಿಗೆ ಬಂದಿದ್ದ ಹರ್ಷೆಲ್ಲರ ಅಜ್ಜ ಕಂಡುಹಿಡಿದ ಗ್ರಹವೇ ಅದು.

ಬಾಪು 1982ರಲ್ಲಿ ತೀರಿಕೊಂಡರು. ಅವರು ಶುರುಮಾಡಿದ 2.34 ಮೀಟರ್ ಟೆಲಿಸ್ಕೋಪಿನ ಕನ್ನಡಿಯನ್ನು ಉಜ್ಜಿ ಹದಮಾಡಿದ್ದು ಬೆಂಗಳೂರಿನಲ್ಲಿ. 1986ರಲ್ಲಿ ಕಾವಲೂರಿನಲ್ಲಿ ಉದ್ಘಾಟನೆಯಾದ ಆ ಟೆಲಿಸ್ಕೋಪಿಗೆ ಅವರದೇ ಹೆಸರಿಟ್ಟರು. ಇಂದು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರಿನ ಟೆಲಿಸ್ಕೋಪ್ ಇದೆ. ಅದರ ಮೋಟರುಗಳನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸುತ್ತಾರೆ. ಯಂತ್ರ ಹಿಮದ ನಾಡಿನಲ್ಲಿ, ನಡೆಸುವ ಕೈ ಹೊಸಕೋಟೆಯಲ್ಲಿ.

ಭಾರ ಇಳಿಬಿಟ್ಟ ಕಾಲದಿಂದ ಇಲ್ಲಿಯವರೆಗೆ ಕೆಲಸ ಮಾತ್ರ ಒಂದೇ. ಭೂಮಿ ತಿರುಗಿದಷ್ಟೇ ಹಿಂದಕ್ಕೆ ತಿರುಗಿ, ನೋಡುವವರಿಗೆ ತುಸು ಹೊತ್ತು ಆಕಾಶವನ್ನು ನಿಲ್ಲಿಸಿಕೊಡುವುದು.

ಶಿವರಾತ್ರಿ ಕಳೆದ ಮೇಲೆ ಮತ್ತೆ ಅದೇ ಮೈದಾನದಲ್ಲಿ ಟೆಲಿಸ್ಕೋಪ್ ಇಟ್ಟೆವು. ಈ ಸಲ ಮಾಸ್ತರರ ಮಗನೇ ಹೊತ್ತು ತಂದರು. ಮೊದಲು ಆಯಿಯ ಮನೆಗೆ ಹೋಗಿ ಕರೆದುಕೊಂಡು ಬಂದೆವು. ಕುರ್ಚಿ ಹಾಕಿ ಕೂಡಿಸಿದೆವು. ಕನ್ನಡಕ ತೆಗೆದರು, ಬಗ್ಗಿದರು. ಯಾರೂ ಅವಸರ ಮಾಡಲಿಲ್ಲ. ಒಂದು ನಿಮಿಷ, ಎರಡು ನಿಮಿಷ, ಮೂರು. ಗುರು ಅಲ್ಲೇ ಇತ್ತು.

"ನಡಕ ಒಂದ್ ದೊಡ್ಡದು, ಬಾಜೂಕ ನಾಕ್ ಸಣ್ಣ ಚಿಕ್ಕಿ ಸಾಲಾಗಿ ಕುಂತಾವ" ಅಂದರು ಆಯಿ.

ನಾಲ್ಕೂ ಗುರುವಿನ ಚಂದ್ರಗಳು. ಅವರು ಎಣಿಸಿದ್ದು ಸರಿಯಿತ್ತು.